ಸ್ಪೆಕ್ಟ್ರಮ್ ಹರಾಜಿಗೆ ಒಂದೂವರೆ ಲಕ್ಷ ಕೋಟಿ ಬಂತು, ನಮ್ಮ ಮನೆಗೆ ಸಿಗ್ನಲ್ ಯಾಕೆ ಬರಲಿಲ್ಲ?

ಓದುಗರ ಪ್ರಶ್ನೆ:

"ಸರ್, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ, ಜೊತೆಗೆ ಸಣ್ಣದೊಂದು ಹೋಂಸ್ಟೇ ನಡೆಸುತ್ತೇನೆ. ಶಿವಮೊಗ್ಗಕ್ಕೆ ಹೋದರೆ ಫೋನಿನಲ್ಲಿ 5ಜಿ ತೋರಿಸುತ್ತದೆ. ಮನೆಗೆ ಬಂದರೆ ಒಂದು ಕಡ್ಡಿ ಸಿಗ್ನಲ್‌ಗೂ ಹಿಂದಿನ ಗುಡ್ಡ ಹತ್ತಬೇಕು. ಬಂದ ಅತಿಥಿಗಳಿಗೆ ಯುಪಿಐ ಮಾಡಲು ಆಗುವುದಿಲ್ಲ, ಎಷ್ಟೋ ಸಲ 'ಆಮೇಲೆ ಕಳಿಸ್ತೀವಿ' ಅಂತ ಹೇಳಿ ಹೋಗುತ್ತಾರೆ. 5ಜಿ ಹರಾಜಿನಿಂದ ಸರ್ಕಾರಕ್ಕೆ ಒಂದೂವರೆ ಲಕ್ಷ ಕೋಟಿ ಬಂತು ಅಂತ ಓದಿದ್ದೆ. ಆ ದುಡ್ಡು ನಮ್ಮ ರೀಚಾರ್ಜ್‌ನಿಂದಲೇ ಹೋಗ್ತಾ ಇದೆಯಾ? ಸ್ಪೆಕ್ಟ್ರಮ್ ಪುಕ್ಕಟೆ ಕೊಟ್ಟಿದ್ದರೆ ನಮ್ಮೂರಿಗೂ ಟವರ್ ಬರುತ್ತಿತ್ತಾ? ಈಗ 6ಜಿ ಅಂತಿದ್ದಾರೆ, ಅದಕ್ಕೆ ಕಾಯಬೇಕಾ, ಇಲ್ಲಾ ಸ್ಯಾಟಲೈಟ್ ಇಂಟರ್ನೆಟ್ ಹಾಕಿಸಬೇಕಾ? ಮಗ ಆನ್‌ಲೈನಲ್ಲಿ ಬೂಸ್ಟರ್ ತರಿಸೋಣ ಅನ್ನುತ್ತಾನೆ. ಟವರ್ ಬಂದರೆ ರೇಡಿಯೇಷನ್ ಬರುತ್ತೆ, ಬೇಡವೇ ಬೇಡ ಅಂತ ಅತ್ತೆ. ಯಾರ ಮಾತು ಕೇಳಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ, ಆದರೆ ಎಲ್ಲದರ ಬುಡದಲ್ಲಿ ಇರುವ ಸಂಕಟ ಒಂದೇ. ಶಿವಮೊಗ್ಗದವರು ಕಟ್ಟುವಷ್ಟೇ ದುಡ್ಡು ನೀವೂ ಕಟ್ಟುತ್ತೀರಿ. ಸರ್ಕಾರಕ್ಕೂ ಹಣ ಬಂತು, ಕಂಪನಿಗೂ ಬಂತು. ನಿಮ್ಮ ಮನೆಗೆ ಮಾತ್ರ ಸಿಗ್ನಲ್ ಬರಲಿಲ್ಲ. ಈ ಸಿಟ್ಟು ಸರಿಯಾದದ್ದೇ. ಮೊಬೈಲ್ ಕಂಪನಿಗಳಿಗೆ ರೇಡಿಯೋ ಪ್ಲಾನಿಂಗ್ ಮಾಡುತ್ತಲೇ ನನ್ನ ಕೆಲಸದ ವರ್ಷಗಳು ಕಳೆದಿವೆ. ಅಂದರೆ ಎಲ್ಲಿ ಟವರ್ ಹಾಕಬೇಕು, ಯಾವ ಬ್ಯಾಂಡ್, ಅಂದರೆ ಯಾವ ಫ್ರೀಕ್ವೆನ್ಸಿಯ ಅಲೆ, ಹಚ್ಚಬೇಕು ಅಂತ ಲೆಕ್ಕ ಹಾಕುವ ಕೆಲಸ. ಮಲೆನಾಡಿನ ರಸ್ತೆಗಳಲ್ಲಿ ಡ್ರೈವ್ ಟೆಸ್ಟ್ ಮಾಡುವಾಗ ಜೀಪಿನ ಮುಂದೆ ನಾಲ್ಕು ಫೋನ್ ಕಟ್ಟಿಕೊಂಡು ಹೋಗುತ್ತೇವೆ. ಊರು ದಾಟುವವರೆಗೆ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಬಲ ಮೈನಸ್ 90 ಇದ್ದದ್ದು ಒಂದು ತಿರುವು ತಿರುಗಿದರೆ ಮೈನಸ್ 112, ಇನ್ನೊಂದು ತಿರುವಿಗೆ ಮೈನಸ್ 120. ಅಲ್ಲಿಗೆ ಕರೆ ಕಟ್. ಆ ತಿರುವಿನ ಆಚೆ ಇರುವ ಮನೆಗಳಲ್ಲಿ ನಿಮ್ಮದೂ ಒಂದು ಅನ್ನಿಸುತ್ತದೆ.

ಮೊದಲು ದುಡ್ಡಿನ ವಿಷಯ ನೋಡೋಣ. ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಅಲ್ಲೇ.

2022ರ ಜುಲೈ 26ಕ್ಕೆ ಶುರುವಾದ ಹರಾಜು ಆಗಸ್ಟ್ 1ಕ್ಕೆ ಮುಗಿಯಿತು. ಸ್ಪೆಕ್ಟ್ರಮ್ ಅಂದರೆ ಮೊಬೈಲ್ ಸಿಗ್ನಲ್ ಹೊತ್ತೊಯ್ಯುವ ರೇಡಿಯೋ ಅಲೆಗಳ ಸಾಲು, ಅದನ್ನು ಅಳೆಯುವುದು ಮೆಗಾಹರ್ಟ್ಜ್‌ನಲ್ಲಿ. ಒಟ್ಟು 72,098 ಮೆಗಾಹರ್ಟ್ಜ್ ಮಾರಾಟಕ್ಕಿತ್ತು, 51,236 ಹೋಯಿತು. ಬಿಡ್ಡಿನ ಮೊತ್ತ 1,50,173 ಕೋಟಿ ರೂಪಾಯಿ. ಇದರಲ್ಲಿ ಜಿಯೋದ್ದು 88,078 ಕೋಟಿ, ಏರ್‌ಟೆಲ್‌ನದ್ದು 43,084 ಕೋಟಿ, ವೊಡಾಫೋನ್ ಐಡಿಯಾದ್ದು 18,799 ಕೋಟಿ. ಉಳಿದ ಚೂರು ಅದಾನಿ ಕಂಪನಿಯದ್ದು. ಇಷ್ಟೂ ಹಣ ಒಂದೇ ಸಲಕ್ಕೆ ಖಜಾನೆಗೆ ಬಿದ್ದಿಲ್ಲ. 20 ವರ್ಷ, ವರ್ಷಕ್ಕೊಂದು ಕಂತು, ಬಡ್ಡಿ ಶೇಕಡಾ 7.2. ಹಾಗೆ ವರ್ಷಕ್ಕೆ ಬರುವುದು ಸುಮಾರು 13,365 ಕೋಟಿ.

ಈಗ ಇದನ್ನು ನಿಮ್ಮ ರೀಚಾರ್ಜಿಗೆ ಇಳಿಸಿ ನೋಡೋಣ. ದೇಶದಲ್ಲಿ ಸುಮಾರು 115 ಕೋಟಿ ಮೊಬೈಲ್ ಸಂಪರ್ಕಗಳಿವೆ. ಭಾಗಿಸಿದರೆ ಒಂದು ಸಂಪರ್ಕಕ್ಕೆ ತಿಂಗಳಿಗೆ ಹತ್ತು ರೂಪಾಯಿಯ ಆಸುಪಾಸು. ನೀವು 299 ರೂಪಾಯಿ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಜಿಎಸ್‌ಟಿಯೇ 45 ರೂಪಾಯಿಗಿಂತ ಜಾಸ್ತಿ. ಉಳಿದದ್ದರಲ್ಲಿ ಶೇಕಡಾ 8ರಷ್ಟು ಲೈಸೆನ್ಸ್ ಶುಲ್ಕ, ಅಂದರೆ ಸ್ಥೂಲವಾಗಿ 20 ರೂಪಾಯಿ. ಹಿಂದಿನ ಹರಾಜುಗಳ ಬಾಕಿ ಕಂತುಗಳೂ ಕಂಪನಿಗಳ ತಲೆ ಮೇಲಿವೆ, ಅದನ್ನು ಮರೆಯುವ ಹಾಗಿಲ್ಲ. ಆದರೂ "5ಜಿ ಹರಾಜಿನಿಂದ ಬಿಲ್ ದುಬಾರಿ ಆಯಿತು" ಅನ್ನುವುದು ಪೂರ್ತಿ ನಿಜವಲ್ಲ. ಸ್ಪೆಕ್ಟ್ರಮ್ ಪುಕ್ಕಟೆ ಸಿಕ್ಕಿದ್ದರೂ ಕಂಪನಿ ದರ ಇಳಿಸುತ್ತಿತ್ತು ಅಂತ ಹೇಳಲಾಗದು. ದರ ನಿಲ್ಲುವುದು ಪೈಪೋಟಿಯ ಮೇಲೆ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದೊಳಗೆ ದರ ಏರಿಸಿದವು. ನಾಲ್ಕನೆಯ ಖಾಸಗಿ ಕಂಪನಿ ಇದ್ದಿದ್ದರೆ ಅಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಹರಾಜಿನ ಬೆಲೆ ನಿಮ್ಮ ಜೇಬನ್ನು ಮುಟ್ಟುವುದು ಈ ಬಳಸುದಾರಿಯಲ್ಲಿ. ಸಾಲ ಮಾಡಿ ಸ್ಪೆಕ್ಟ್ರಮ್ ಕೊಂಡ ಕಂಪನಿಗಳು ಒಂದೊಂದಾಗಿ ಬಿದ್ದವು, ಇಲ್ಲವೇ ವಿಲೀನ ಆದವು. ಸ್ಪೆಕ್ಟ್ರಮ್ ಬೆಲೆಯೊಂದೇ ಇದಕ್ಕೆ ಕಾರಣ ಅಲ್ಲ. ದರ ಸಮರ ಇತ್ತು. ಸರ್ಕಾರಕ್ಕೆ ಕಟ್ಟುವ ಶುಲ್ಕಕ್ಕೆ ಕಂಪನಿಯ ಯಾವ ಯಾವ ವರಮಾನ ಲೆಕ್ಕಕ್ಕೆ ಬರುತ್ತದೆ ಅನ್ನುವುದರ ಮೇಲೆ 2019ರ ಅಕ್ಟೋಬರ್‌ನಲ್ಲಿ ಕಂಪನಿಗಳ ವಿರುದ್ಧ ಬಂದ ಸುಪ್ರೀಂ ಕೋರ್ಟ್ ತೀರ್ಪೂ ಇತ್ತು. ಆದರೆ ಸ್ಪೆಕ್ಟ್ರಮ್ ಸಾಲ ದೊಡ್ಡ ಹೊರೆ ಅನ್ನುವುದರಲ್ಲಿ ಅನುಮಾನ ಇಲ್ಲ. ವೊಡಾಫೋನ್ ಐಡಿಯಾ ಕಂತು ಕಟ್ಟಲಾಗದೆ ಕೊನೆಗೆ ಬಾಕಿಯನ್ನೇ ಷೇರು ಮಾಡಿ ಕೊಟ್ಟಿತು. 2023ರಲ್ಲಿ 16,133 ಕೋಟಿ, 2025ರಲ್ಲಿ 36,950 ಕೋಟಿ. ಈಗ ಆ ಕಂಪನಿಯಲ್ಲಿ ಅತಿ ಹೆಚ್ಚು ಷೇರು ಇರುವುದು ಕೇಂದ್ರ ಸರ್ಕಾರದ ಕೈಯಲ್ಲಿ, ಸುಮಾರು ಶೇಕಡಾ 49. ಹರಾಜಿನಲ್ಲಿ ಕಾಗದದ ಮೇಲೆ ಕಂಡ ಹಣ ಕೈಗೆ ಬರದೆ ಹೀಗೂ ಆಗುತ್ತದೆ.

ಇನ್ನೊಂದು ಮಾತು. ಈ ಶೇಕಡಾ 8ರ ಲೈಸೆನ್ಸ್ ಶುಲ್ಕದಲ್ಲಿ 5 ಪಾಲು ಹೋಗುವುದು ಡಿಜಿಟಲ್ ಭಾರತ್ ನಿಧಿಗೆ. ಹಳ್ಳಿಗಳಿಗೆ, ದುರ್ಗಮ ಊರುಗಳಿಗೆ ನೆಟ್‌ವರ್ಕ್ ಮುಟ್ಟಿಸಲೆಂದೇ ಇರುವ ನಿಧಿ ಅದು. ನಿಮ್ಮ 299ರಲ್ಲಿ ಸುಮಾರು 12 ರೂಪಾಯಿ ಆ ಹೆಸರಿನಲ್ಲೇ ಹೋಗುತ್ತದೆ. ಪಂಚಾಯ್ತಿಯಲ್ಲೋ ಸಂಸದರ ಕಚೇರಿಯಲ್ಲೋ ಮಾತಾಡುವಾಗ ಇದು ನಿಮಗೆ ಗೊತ್ತಿರಲಿ. ನೀವು ಉಪಕಾರ ಬೇಡುತ್ತಿಲ್ಲ, ಈಗಾಗಲೇ ದುಡ್ಡು ಕಟ್ಟಿದ ಕೆಲಸ ಮಾಡಿ ಅನ್ನುತ್ತಿದ್ದೀರಿ.

ಹಳ್ಳಿಗೆ ಬೇಕಾದ ಬ್ಯಾಂಡ್ ಖಾಲಿ ಬಿದ್ದಿತ್ತು

ನಿಮ್ಮ ಮನೆಗೆ ಸಿಗ್ನಲ್ ಬಾರದ ಕಥೆ ಇಲ್ಲಿದೆ. ಎಲ್ಲ ಸ್ಪೆಕ್ಟ್ರಮ್ ಒಂದೇ ಥರ ಇರುವುದಿಲ್ಲ. ಕಡಿಮೆ ಫ್ರೀಕ್ವೆನ್ಸಿಯ ಅಲೆ ದೂರ ಹೋಗುತ್ತದೆ. ಗುಡ್ಡದ ಅಂಚಿಗೆ ಸ್ವಲ್ಪ ಬಾಗುತ್ತದೆ, ಮರ ಗೋಡೆ ದಾಟಿ ಒಳಗೆ ಬರುತ್ತದೆ. ಆದರೆ ಅಲ್ಲಿ ಜಾಗ ಕಡಿಮೆ, ಹಾಗಾಗಿ ವೇಗವೂ ಕಡಿಮೆ. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಜಾಗ ಧಾರಾಳ, ವೇಗ ಭರ್ಜರಿ, ಆದರೆ ಹತ್ತಿರದಲ್ಲೇ ಸುಸ್ತಾಗಿ ನಿಲ್ಲುತ್ತದೆ. ಶಿವಮೊಗ್ಗದಲ್ಲಿ ನೀವು ಕಂಡ 5ಜಿಯ ವೇಗ ಬಹುಮಟ್ಟಿಗೆ 3,300 ಮೆಗಾಹರ್ಟ್ಜ್‌ನಿಂದ ಮೇಲಕ್ಕೆ, 3,500ರ ಆಸುಪಾಸಿನ ಬ್ಯಾಂಡಿನದ್ದು. ಬೇರೆಲ್ಲ ಒಂದೇ ಇದ್ದರೆ, 700 ಮೆಗಾಹರ್ಟ್ಜ್‌ಗೆ ಹೋಲಿಸಿದರೆ 3,500ರಲ್ಲಿ ಅಷ್ಟೇ ದೂರದಲ್ಲಿ ಫೋನಿಗೆ ಸಿಗುವ ಶಕ್ತಿ ಸುಮಾರು 25ರಲ್ಲಿ ಒಂದು ಪಾಲು. ಇದು ಬಯಲಿನ ಲೆಕ್ಕ. ಅಡಿಕೆ ತೋಟ, ಮಳೆಗೆ ನೆಂದ ಎಲೆ, ಮಣ್ಣಿನ ದಪ್ಪ ಗೋಡೆ ಸೇರಿದರೆ ವ್ಯತ್ಯಾಸ ಇನ್ನೂ ಜಾಸ್ತಿ. ಹೊಸ ಆಂಟೆನಾಗಳು ಒಂದಷ್ಟನ್ನು ತುಂಬಿಕೊಡುತ್ತವೆ, ಗುಡ್ಡವನ್ನು ತೂತು ಮಾಡಲಾರವು.

ಹಾಗಾದರೆ ಮಲೆನಾಡಿಗೆ, ಕೊಡಗಿಗೆ, ಉತ್ತರ ಕನ್ನಡದ ಘಟ್ಟಕ್ಕೆ ಬೇಕಿದ್ದದ್ದು 700 ಮೆಗಾಹರ್ಟ್ಜ್, ಅಲ್ವಾ? ಅದಕ್ಕೇನಾಯಿತು ನೋಡಿ. 2016ರಲ್ಲಿ ಅದನ್ನು ಮೊದಲ ಸಲ ಹರಾಜಿಗೆ ಇಟ್ಟರು. ದೇಶಕ್ಕೆಲ್ಲ ಸೇರಿ ಒಂದು ಮೆಗಾಹರ್ಟ್ಜ್‌ಗೆ ಕನಿಷ್ಠ ಬೆಲೆ 11,485 ಕೋಟಿ. ಒಬ್ಬರೂ ಕೊಳ್ಳಲಿಲ್ಲ. 2021ರಲ್ಲಿ 6,568 ಕೋಟಿಗೆ ಇಳಿಸಿದರು. ಆಗಲೂ ಒಬ್ಬರೂ ಇಲ್ಲ. 2022ರಲ್ಲಿ 3,927 ಕೋಟಿಗೆ ಬಂತು. ಜಿಯೋ ಒಂದೇ ಕಂಪನಿ 22 ಸರ್ಕಲ್‌ಗಳಲ್ಲೂ (ಸ್ಪೆಕ್ಟ್ರಮ್ ಮಾರುವ ವಲಯಗಳು) ತಲಾ 10 ಮೆಗಾಹರ್ಟ್ಜ್ ತೆಗೆದುಕೊಂಡಿತು, 39,270 ಕೋಟಿಗೆ. ಮೊದಲ ಬೆಲೆಯ ಮೂರನೆಯ ಒಂದು ಪಾಲು. ಬಿಎಸ್‌ಎನ್‌ಎಲ್‌ಗೆ ಸರ್ಕಾರವೇ ಈ ಬ್ಯಾಂಡಿನಲ್ಲಿ ಪಾಲು ಕೊಟ್ಟಿತು.

ಅಂದರೆ ಹಳ್ಳಿಗೆ ಅತ್ಯಂತ ಹೊಂದುವ ಬ್ಯಾಂಡ್ ಸುಮಾರು ಆರು ವರ್ಷ ಯಾರ ಉಪಯೋಗಕ್ಕೂ ಬಾರದೆ ಬಿದ್ದಿತ್ತು. ಆ ಆರು ವರ್ಷದಲ್ಲೇ ಕೋವಿಡ್ ಬಂತು. ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಕೊಡೆ ಹಿಡಿದು ಗುಡ್ಡದ ಮೇಲೆ ಕೂತರು. ನಿಮ್ಮ ಕಡೆಯ ಜನ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂದರು. ಕಲ್ಲಿದ್ದಲನ್ನು ಈ ವರ್ಷ ತೆಗೆಯದಿದ್ದರೆ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಸ್ಪೆಕ್ಟ್ರಮ್ ಹಾಗಲ್ಲ. ಇವತ್ತು ಬಳಸದ ಸ್ಪೆಕ್ಟ್ರಮ್ ನಾಳೆಗೆ ಕೂಡಿ ಬರುವುದಿಲ್ಲ. 2018ರಲ್ಲಿ ಬಳಸಬಹುದಾಗಿದ್ದ 700 ಮೆಗಾಹರ್ಟ್ಜ್ ಹೋಯಿತು, ಹೋದದ್ದೇ. ಈ ನಷ್ಟ ಯಾವ ಲೆಕ್ಕಪತ್ರದಲ್ಲೂ ಬರೆದಿಲ್ಲ. ನಮ್ಮ ಸ್ಪೆಕ್ಟ್ರಮ್ ನೀತಿಯ ದೊಡ್ಡ ದೋಷ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇದೇ. ಹರಾಜು ಮಾಡಿದ್ದು ತಪ್ಪಲ್ಲ. ಹರಾಜಿನಿಂದ ಬರುವ ಮೊತ್ತವನ್ನೇ ಗೆಲುವಿನ ಅಳತೆ ಮಾಡಿಕೊಂಡದ್ದು ತಪ್ಪು.

ಎರಡನೆಯ ತೊಡಕು ಸರ್ಕಲ್‌ನದ್ದು. ದೇಶವನ್ನು 22 ಸರ್ಕಲ್ ಮಾಡಿ ಸ್ಪೆಕ್ಟ್ರಮ್ ಮಾರುತ್ತಾರೆ. ದೆಹಲಿ, ಮುಂಬೈ, ಕೋಲ್ಕತ್ತಾ ಬೇರೆ ಬೇರೆ ಸರ್ಕಲ್. ಆದರೆ ಕರ್ನಾಟಕ ಪೂರ್ತಿ ಒಂದೇ. ಬೆಂಗಳೂರಿನ ವೈಟ್‌ಫೀಲ್ಡ್, ಬೀದರಿನ ಔರಾದ್, ನಿಮ್ಮ ಹೊಸನಗರ, ಮೂರಕ್ಕೂ ಒಂದೇ ಚೀಟಿ. ಕೊಳ್ಳುವವರು ಬೆಲೆ ಕಟ್ಟುವುದು ಬೆಂಗಳೂರನ್ನು ನೋಡಿ. ಕೊಂಡ ಮೇಲೆ ಮೊದಲು ಹಚ್ಚುವುದೂ ಬೆಂಗಳೂರಿನಲ್ಲೇ, ಆಮೇಲೆ ಮೈಸೂರು, ಮಂಗಳೂರು, ಹುಬ್ಬಳ್ಳಿ. ಹೊಸನಗರದ ಮೇಲಿನ ಗಾಳಿಯಲ್ಲೂ ಅದೇ ಸ್ಪೆಕ್ಟ್ರಮ್ ಇದೆ. ಆದರೆ ಟವರ್ ಇಲ್ಲ, ಬಳಸುವವರಿಲ್ಲ. ಬೇರೆಯವರು ಬಂದು ಬಳಸೋಣ ಅಂದರೆ ಅದು ಇನ್ನೊಬ್ಬರ ಸ್ವತ್ತು, 20 ವರ್ಷಕ್ಕೆ.

"ಷರತ್ತು ಹಾಕಿರಲಿಲ್ವಾ?" ಅಂತ ನೀವು ಕೇಳಬಹುದು. ಹಾಕಿದ್ದರು. ಹಿಂದಿನ ಹರಾಜುಗಳಲ್ಲಿ ಐದು ವರ್ಷದೊಳಗೆ ಸರ್ಕಲ್‌ನ ಬ್ಲಾಕ್ ಕೇಂದ್ರಗಳಲ್ಲಿ ಶೇಕಡಾ 30ರಷ್ಟನ್ನು ಮುಟ್ಟಬೇಕು ಅಂತ ಇತ್ತು. ಬ್ಲಾಕ್ ಅಂದರೆ ನಮ್ಮಲ್ಲಿ ತಾಲ್ಲೂಕು. ಹೊಸನಗರ ಪೇಟೆಯಲ್ಲಿ ಒಂದು ಟವರ್ ಹಾಕಿದರೆ ಲೆಕ್ಕಕ್ಕೆ ಒಂದು ತಾಲ್ಲೂಕು ಸೇರಿತು. ಪೇಟೆಯಿಂದ ಹದಿನೈದು ಕಿಲೋಮೀಟರ್ ದೂರದ ನಿಮ್ಮ ಮನೆ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಸ್ಪೆಕ್ಟ್ರಮ್ ಕೈಲಿದ್ದ ಮಾತ್ರಕ್ಕೆ ಟವರ್ ನಿಲ್ಲುವುದಿಲ್ಲ. ಟವರಿಗೆ ಕರೆಂಟು ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ ಬ್ಯಾಟರಿ, ಡೀಸೆಲ್ ಬೇಕು. ಅರಣ್ಯದ ಜಾಗವಾದರೆ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯ, ಟವರಿನಿಂದ ಊರಾಚೆಗೆ ದತ್ತಾಂಶ ಸಾಗಿಸುವ ದಾರಿ ಬೇಕು. ಅದು ಫೈಬರ್ ಇರಬೇಕು, ಇಲ್ಲವೇ ಗುಡ್ಡದಿಂದ ಗುಡ್ಡಕ್ಕೆ ಡಿಶ್ ಇಟ್ಟು ಮೈಕ್ರೋವೇವ್ ಅಲೆಯಲ್ಲಿ ಕಳಿಸಬೇಕು. ಫೈಬರನ್ನು ರಸ್ತೆ ಅಗಲ ಮಾಡುವ ಜೆಸಿಬಿ ಕತ್ತರಿಸುತ್ತದೆ. ಮೈಕ್ರೋವೇವ್‌ನಲ್ಲಿ ಹೆಚ್ಚು ಸಾಮರ್ಥ್ಯದ ಮೇಲಿನ ಬ್ಯಾಂಡ್ ಹಾಕಿದರೆ ಹುಲಿಕಲ್ ಕಡೆಯ ಮಳೆಗೆ ಲಿಂಕ್ ಬಿದ್ದುಹೋಗುತ್ತದೆ. ಕೆಳಗಿನ ಬ್ಯಾಂಡ್ ಮಳೆಗೆ ಜಗ್ಗುವುದಿಲ್ಲ, ಆದರೆ ಅದರಲ್ಲಿ ಹಿಡಿಸುವುದು ಕಡಿಮೆ. ಇಷ್ಟೆಲ್ಲ ಮಾಡಿದ ಮೇಲೆ ಆ ಟವರಿಗೆ ಸಿಗುವುದು ಕೆಲವು ನೂರು ಮನೆ. ಲೆಕ್ಕ ಹಾಕಿದವರು ಕೈಬಿಡುತ್ತಾರೆ. ಅದಕ್ಕೇ ಇಂಥ ಊರಿನ ಹೊಣೆಯನ್ನು ಷರತ್ತಿನಲ್ಲೇ ಬರೆಯಬೇಕು, ಅದಕ್ಕೆ ತಕ್ಕ ಹಾಗೆ ಬೆಲೆಯಲ್ಲಿ ಬಿಡಬೇಕು ಅನ್ನುವುದು.

ಪುಕ್ಕಟೆ ಕೊಡಬಹುದಿತ್ತೇ?

ಪುಕ್ಕಟೆ ಅನ್ನುವ ಮಾತು ಬಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ 2008 ನೆನಪಾಗುತ್ತದೆ. ಆಗ 2ಜಿ ಲೈಸೆನ್ಸನ್ನು ಮೊದಲು ಬಂದವರಿಗೆ ಮೊದಲು ಅಂತ ಹಳೇ ಬೆಲೆಗೆ ಕೊಟ್ಟರು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. ಕ್ರಿಮಿನಲ್ ಕೇಸಿನಲ್ಲಿ 2017ರಲ್ಲಿ ವಿಶೇಷ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿತು, ಅದು ಬೇರೆ ಮಾತು. ಹಂಚಿದ ರೀತಿ ತಪ್ಪು ಅನ್ನುವ ತೀರ್ಪು ಹಾಗೇ ನಿಂತಿತು. ಅಂದಿನಿಂದ ಹರಾಜು ಬಿಟ್ಟು ಬೇರೆ ದಾರಿ ಹಿಡಿಯಲು ಅಧಿಕಾರಿಗಳು ಹೆದರುತ್ತಾರೆ. ಕನಿಷ್ಠ ಬೆಲೆ ಇಳಿಸಲೂ ಹೆದರುತ್ತಾರೆ, ನಾಳೆ ಯಾರಾದರೂ "ನಷ್ಟ ಮಾಡಿದಿರಿ" ಅಂದರೆ ಅಂತ. 700ರ ಬೆಲೆ ಇಳಿಯಲು ಅಷ್ಟು ವರ್ಷ ಹಿಡಿದದ್ದರಲ್ಲಿ ಈ ಭಯದ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಜಪಾನ್ 2019ರಲ್ಲಿ 5ಜಿ ಸ್ಪೆಕ್ಟ್ರಮನ್ನು ಹರಾಜು ಹಾಕದೆ ನಾಲ್ಕು ಕಂಪನಿಗಳಿಗೆ ಹಂಚಿತು. ಅಲ್ಲಿ ಪಣಕ್ಕಿಟ್ಟದ್ದು ಹಣವನ್ನಲ್ಲ, ಕೆಲಸವನ್ನು. ದೇಶದ ನಕ್ಷೆಯನ್ನು 10 ಕಿಲೋಮೀಟರ್ ಚೌಕಗಳಾಗಿ ಕತ್ತರಿಸಿ, ಐದು ವರ್ಷದಲ್ಲಿ ಅವುಗಳಲ್ಲಿ ಅರ್ಧದಷ್ಟಕ್ಕಾದರೂ 5ಜಿಯ ಮುಖ್ಯ ಟವರ್ ಕೇಂದ್ರ ಹಾಕಬೇಕು ಅಂದರು. ಜರ್ಮನಿ 2019ರಲ್ಲಿ ಹರಾಜು ಮಾಡಿ 6.55 ಶತಕೋಟಿ ಯೂರೋ ಪಡೆಯಿತು. ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ ಅನ್ನುವ ದೂರು ಅಲ್ಲೂ ಇತ್ತು. 2025ರಲ್ಲಿ ಹಳೆಯ ಕೆಲವು ಬ್ಯಾಂಡುಗಳ ಅವಧಿ ಮುಗಿಯುವಾಗ ಮತ್ತೆ ಹರಾಜಿಗೆ ಹೋಗಲಿಲ್ಲ. ಇನ್ನೂ ಹೆಚ್ಚು ನೆಲಕ್ಕೆ ನೆಟ್‌ವರ್ಕ್ ಮುಟ್ಟಿಸುವ ಷರತ್ತು ಹಾಕಿ ಐದು ವರ್ಷ ಮುಂದುವರಿಸಿದರು.

ಈ ದಾರಿಯಲ್ಲೂ ಅಪಾಯ ಇದೆ. ಮಾತು ಕೊಟ್ಟ ಕಂಪನಿ ಮಾಡದಿದ್ದರೆ ಹಿಡಿಯುವವರು ಯಾರು? ಅಳೆಯುವವರು ಯಾರು? ನಮ್ಮಲ್ಲಿ ಅಧಿಕಾರಿಗಳ ವಿವೇಚನೆಗೆ ಬಿಟ್ಟರೆ ಏನಾಗುತ್ತದೆ ಅಂತ ಒಮ್ಮೆ ನೋಡಿದ್ದೇವೆ. ಹಾಗಾಗಿ ನಾನು ಹರಾಜಿನ ಪರವೇ. ಆದರೆ ಕನಿಷ್ಠ ಬೆಲೆ ಕಡಿಮೆ ಇರಲಿ, ಊರಿನ ಲೆಕ್ಕದ ಷರತ್ತು ಬಿಗಿಯಾಗಿರಲಿ, ಬಳಸದ ಕಡೆ ಬೇರೆಯವರಿಗೆ ದಾರಿ ಇರಲಿ. ಮೂರನೆಯದಕ್ಕೆ ಕಾನೂನು ಆಗಲೇ ಇದೆ. 2023ರ ದೂರಸಂಪರ್ಕ ಕಾಯ್ದೆಯ 7ನೆಯ ಸೆಕ್ಷನ್ ಪ್ರಕಾರ, ಸರಿಯಾದ ಕಾರಣವಿಲ್ಲದೆ ಬಳಸದೆ ಬಿಟ್ಟ ಸ್ಪೆಕ್ಟ್ರಮನ್ನು ಸರ್ಕಾರ ವಾಪಸ್ ಪಡೆಯಬಹುದು. ಹಂಚಿಕೊಳ್ಳಲು, ಲೀಸ್‌ಗೆ ಕೊಡಲು ಅವಕಾಶವೂ ಇದೆ. ಇದನ್ನು ಸರ್ಕಲ್ ಮಟ್ಟದಲ್ಲಿ ನೋಡಿದರೆ ಪ್ರಯೋಜನ ಇಲ್ಲ, ಯಾಕೆಂದರೆ ಬೆಂಗಳೂರಿನಲ್ಲಿ ಬಳಸುತ್ತಿದ್ದಾರಲ್ಲ ಅಂತ ಉತ್ತರ ಬರುತ್ತದೆ. ತಾಲ್ಲೂಕು ಮಟ್ಟದಲ್ಲಿ ನೋಡಬೇಕು. ಹಾಗೆ ಮಾಡಿದರೆ ಕಂಪನಿಗಳು "20 ವರ್ಷಕ್ಕೆ ಅಂತ ಕೊಂಡದ್ದು, ನಡುವೆ ಕಿತ್ತುಕೊಂಡರೆ ಮುಂದಿನ ಹರಾಜಿಗೆ ಯಾರು ಬರುತ್ತಾರೆ?" ಅಂತ ಕೇಳುತ್ತವೆ. ಆ ಪ್ರಶ್ನೆಯಲ್ಲಿ ಅರ್ಥ ಇದೆ. ಅದಕ್ಕೆ ಕಿತ್ತುಕೊಳ್ಳುವುದಕ್ಕಿಂತ, ಬಳಸದ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಲೀಸ್ ಕೊಡುವುದನ್ನು ಕಡ್ಡಾಯ ಮಾಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

2024ರ ಜೂನ್ ಹರಾಜನ್ನೂ ನೋಡಿ. 96,238 ಕೋಟಿ ಕನಿಷ್ಠ ಬೆಲೆಯ ಸ್ಪೆಕ್ಟ್ರಮ್ ಇಟ್ಟರು. ಎರಡೇ ದಿನದಲ್ಲಿ ಮುಗಿಯಿತು, ಬಂದದ್ದು ಸುಮಾರು 11,340 ಕೋಟಿ. ಕಂಪನಿಗಳಿಗೆ ಸದ್ಯಕ್ಕೆ ಸಾಕಾಗಿತ್ತು. ಸರ್ಕಾರದ ಬೊಕ್ಕಸಕ್ಕೆ ಇದು ಸೋಲು ಅಂತ ಅಂದು ಟಿವಿಯಲ್ಲಿ ಹೇಳಿದರು. ಉಳಿದ ಸ್ಪೆಕ್ಟ್ರಮ್ ಯಾರಿಗೂ ಉಪಯೋಗ ಆಗದೆ ಕೂತಿದೆಯಲ್ಲ ಅಂತ ಕೇಳಿದವರು ಕಡಿಮೆ.

6ಜಿಗೆ ಕಾಯಬೇಡಿ

6ಜಿ ಬರುತ್ತದೆ, ನಿಜ. ಸರ್ಕಾರದ ಭಾರತ್ 6ಜಿ ದರ್ಶನ ಪತ್ರ (ವಿಷನ್ ಡಾಕ್ಯುಮೆಂಟ್) 2023ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಬಳಕೆಗೆ ಬರುವುದು 2030ರ ಹೊತ್ತಿಗೆ ಅಂತ ಜಗತ್ತಿನ ಎಲ್ಲ ಕಡೆ ಅಂದಾಜು. ಅದಕ್ಕೆ ಯಾವ ಬ್ಯಾಂಡ್ ಅನ್ನುವ ಚರ್ಚೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ನಡೆಯುತ್ತಿದೆ. 2027ರ ವಿಶ್ವ ರೇಡಿಯೋ ಸಮ್ಮೇಳನ ಶಾಂಘೈನಲ್ಲಿ. ಅಲ್ಲಿ ನೋಡಲಿರುವುದು 4.4ರಿಂದ 4.8, 7.125ರಿಂದ 8.4, 14.8ರಿಂದ 15.35 ಗಿಗಾಹರ್ಟ್ಜ್ (ಒಂದು ಗಿಗಾಹರ್ಟ್ಜ್ ಅಂದರೆ ಸಾವಿರ ಮೆಗಾಹರ್ಟ್ಜ್). ಎಲ್ಲವೂ ನಿಮ್ಮ ಈಗಿನ 5ಜಿಗಿಂತ ಮೇಲಿನವು, ಅಂದರೆ ಇನ್ನೂ ಕಡಿಮೆ ದೂರ ಹೋಗುವಂಥವು. ಸ್ಟೇಡಿಯಂ, ಕಾರ್ಖಾನೆ, ಮೆಟ್ರೋ ನಿಲ್ದಾಣಕ್ಕೆ ಅದ್ಭುತ. ಗುಡ್ಡದ ಹಿಂದಿನ ಮನೆಗೆ ಅಲ್ಲ. ನಿಮಗೆ ಬೇಕಾದದ್ದು 600, 700, 800, 900ರ ಬ್ಯಾಂಡಿನಲ್ಲಿ ಒಂದು ಗಟ್ಟಿಯಾದ 4ಜಿ.

6 ಗಿಗಾಹರ್ಟ್ಜ್ ಬ್ಯಾಂಡ್ ವೈಫೈಗೋ ಮೊಬೈಲಿಗೋ ಅಂತ ದೊಡ್ಡ ಜಗಳ ನಡೆದದ್ದನ್ನೂ ನೀವು ಓದಿರಬಹುದು. ಅಮೆರಿಕ 2020ರಲ್ಲಿ 1,200 ಮೆಗಾಹರ್ಟ್ಜ್ ಪೂರ್ತಿ ಲೈಸೆನ್ಸ್ ಇಲ್ಲದೆ ವೈಫೈಗೆ ಬಿಟ್ಟಿತು. ನಮ್ಮಲ್ಲಿ ಕೆಳಗಿನ 500 ಮೆಗಾಹರ್ಟ್ಜ್ ವೈಫೈಗೆ ಬಿಡುವ ಕರಡು ನಿಯಮ 2025ರ ಮೇ ತಿಂಗಳಲ್ಲಿ ಬಂತು. ಮೇಲಿನದ್ದು ಮೊಬೈಲಿಗೆ ಅನ್ನುವುದು ಸರ್ಕಾರದ ಒಲವು. ನನಗೆ ಈ ಹಂಚಿಕೆ ಒಪ್ಪಿಗೆ. ಆದರೆ ಮನೆಗೆ ಫೈಬರ್ ಬಾರದೆ ವೈಫೈ ಎಷ್ಟು ಹೊಸದಿದ್ದರೂ ಪ್ರಯೋಜನ ಇಲ್ಲ.

ಹಾಗಾದರೆ ಈಗ ಏನು ಮಾಡಬಹುದು?

ಮೊದಲು ಬೂಸ್ಟರ್. ದಯವಿಟ್ಟು ತರಿಸಬೇಡಿ. ಅನುಮತಿ ಇಲ್ಲದ ರಿಪೀಟರ್ (ಬೂಸ್ಟರಿನ ಇನ್ನೊಂದು ಹೆಸರು) ಇಡುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಅಗ್ಗದ ಬೂಸ್ಟರ್ ಟವರ್ ಕಡೆಗೆ ಅಡ್ಡಿ ಮಾಡುವ ಅಲೆ ಉಗುಳುತ್ತದೆ. ಒಬ್ಬರ ಮನೆಯಲ್ಲಿ ಎರಡು ಕಡ್ಡಿ ಜಾಸ್ತಿ ಆಗುತ್ತದೆ, ಸುತ್ತಲಿನ ಊರಿನವರ ಕರೆಗಳು ಕಟ್ ಆಗುತ್ತವೆ. ದೂರು ಬಂದ ಕಡೆ ನಾವು ಆಂಟೆನಾ ಹಿಡಿದು ಹುಡುಕುತ್ತಾ ಹೋದರೆ, ಹೆಂಚಿನ ಮೇಲೆ ಸಿಕ್ಕಿಸಿದ ಇಂಥದ್ದೇ ಒಂದು ಪೆಟ್ಟಿಗೆ ಸಿಗುವುದು ತೀರಾ ಸಾಮಾನ್ಯ.

ಎರಡನೆಯದು, ಬಿಎಸ್‌ಎನ್‌ಎಲ್ 4ಜಿ ನೋಡಿ. 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 24,680 ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ಒಪ್ಪಿತು. ಆ ಕೆಲಸ ಬಿಎಸ್‌ಎನ್‌ಎಲ್‌ನದ್ದು. ಅದರ 4ಜಿ ಉಪಕರಣ ನಮ್ಮ ದೇಶದ್ದೇ, ರೇಡಿಯೋ ಭಾಗ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು. ಅದು 700 ಮೆಗಾಹರ್ಟ್ಜ್ ಬಳಸುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಹಳೆಯ ಕೆಲವು ಫೋನುಗಳಿಗೆ ಈ 700, ಅಂದರೆ "ಬ್ಯಾಂಡ್ 28" ಹಿಡಿಯಲು ಬರುವುದಿಲ್ಲ. ಊರಿಗೆ ಟವರ್ ಬಂದಿರುತ್ತದೆ, ಫೋನು ಕುರುಡಾಗಿರುತ್ತದೆ. ನಿಮ್ಮ ಫೋನಿನ ಮಾಡೆಲ್ ಹೆಸರು ಹಾಕಿ ಬ್ಯಾಂಡ್ ಪಟ್ಟಿಯಲ್ಲಿ 28 ಇದೆಯಾ ನೋಡಿ. ಆಂಡ್ರಾಯ್ಡ್ ಆದರೆ ಡಯಲ್ ಮಾಡುವ ಜಾಗದಲ್ಲಿ *#*#4636#*#* ಒತ್ತಿ. ಹಲವು ಫೋನುಗಳಲ್ಲಿ ಸಿಗ್ನಲ್ ಬಲ ಮೈನಸ್ ಸಂಖ್ಯೆಯಲ್ಲಿ ಬರುತ್ತದೆ. ಮೈನಸ್ 90ರ ಸುತ್ತ ಇದ್ದರೆ ಚೆನ್ನ, 110 ದಾಟಿದರೆ ಕಷ್ಟ, 120ಕ್ಕೆ ಹೋದರೆ ಕರೆ ಕಟ್ ಆಗುತ್ತದೆ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ.

ಮೂರನೆಯದು ಹೋಂಸ್ಟೇಗೆ ತುಂಬಾ ಉಪಯೋಗಕ್ಕೆ ಬರುವಂಥದ್ದು. ಊರಿನ ಹತ್ತಿರದವರೆಗೆ ಕೇಬಲ್‌ನವರ ಅಥವಾ ಬಿಎಸ್‌ಎನ್‌ಎಲ್ ಫೈಬರ್ ಬಂದಿದ್ದರೆ ಎಳೆಸಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿದರೆ ಕಂಬದ ಖರ್ಚು ಹಂಚಿಹೋಗುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಇಲ್ಲದೆಯೂ ಮಾಮೂಲಿ ನಂಬರಿನಿಂದ ಮಾತಾಡಬಹುದು, ಅತಿಥಿಗಳ ಯುಪಿಐ ಕೂಡ ನಡೆಯುತ್ತದೆ. ಅಪಾಯ ಏನೆಂದರೆ ಮಳೆಗಾಲದಲ್ಲಿ ಮರ ಬಿದ್ದು ವೈರ್ ಹರಿಯುವುದು. ರೂಟರಿಗೆ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಬೇಕೇ ಬೇಕು.

ಸ್ಯಾಟಲೈಟ್ ಇಂಟರ್ನೆಟ್ ಕೊನೆಯ ಆಯ್ಕೆ ಅಂತ ಇಟ್ಟುಕೊಳ್ಳಿ. 2023ರ ಕಾಯ್ದೆ ಉಪಗ್ರಹ ಸೇವೆಗೆ ಹರಾಜಿಲ್ಲದೆ ಸ್ಪೆಕ್ಟ್ರಮ್ ಕೊಡಲು ದಾರಿ ಮಾಡಿದೆ. ಒಂದೇ ಸ್ಪೆಕ್ಟ್ರಮನ್ನು ಹಲವು ಉಪಗ್ರಹ ಕಂಪನಿಗಳು ಹಂಚಿಕೊಂಡು ಬಳಸಬಹುದಾದ್ದರಿಂದ ಅದು ಸರಿಯೇ. 2025ರ ಮೇನಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ವರಮಾನದ ಶೇಕಡಾ 4ರಷ್ಟು ಶುಲ್ಕ ಸಾಕು ಅಂದಿತು. ಆದರೆ ಮನೆಯಲ್ಲಿ ಅದರ ಡಿಶ್‌ಗೆ ಬಯಲಾದ ಆಕಾಶ ಬೇಕು. ಅಡಿಕೆ ಮರದ ತಲೆಗಳ ಕೆಳಗೆ ಇಟ್ಟರೆ ನಡುನಡುವೆ ತಪ್ಪಿಹೋಗುತ್ತದೆ, ಜಡಿಮಳೆಗೂ ಕುಗ್ಗುತ್ತದೆ. ಅಂಗಳ ತೆರೆದಿದ್ದರೆ, ಫೈಬರ್ ಖಂಡಿತ ಬರುವುದಿಲ್ಲ ಅಂತಾದರೆ ಮಾತ್ರ ಯೋಚಿಸಿ. ಮುಂಗಡ ಕೊಡುವ ಮೊದಲು ನಿಮ್ಮ ಪಿನ್‌ಕೋಡಿಗೆ ಸೇವೆ ಇದೆಯಾ, ತಿಂಗಳ ಬಾಡಿಗೆ ಎಷ್ಟು ಅಂತ ಬರಹದಲ್ಲಿ ಕೇಳಿ.

ನಿಮ್ಮ ಅತ್ತೆಯವರಿಗೆ ಇಷ್ಟು ಹೇಳಿ. ಟವರಿನ ಅಲೆಗಳಿಗೆ ಅಂತಾರಾಷ್ಟ್ರೀಯವಾಗಿ ಒಂದು ಮಿತಿ ಇದೆ. 2012ರ ಸೆಪ್ಟೆಂಬರ್ 1ರಿಂದ ಭಾರತ ಅದರ ಹತ್ತನೆಯ ಒಂದು ಪಾಲಿಗೆ ಮಿತಿ ಹಾಕಿಕೊಂಡಿತು. ಮೊಬೈಲ್ ಅಲೆಗಳನ್ನು "ಕ್ಯಾನ್ಸರ್‌ಗೆ ಕಾರಣ ಆಗಬಹುದೇನೋ" ಅನ್ನುವ ಗುಂಪಿನಲ್ಲಿ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಟ್ಟದ್ದು ನಿಜ. ಪುರಾವೆ ಸಾಲದು, ಇನ್ನೂ ನೋಡಬೇಕು ಅನ್ನುವ ಗುಂಪದು. ಟವರ್ ದೂರ ಇದ್ದಷ್ಟೂ ಕಿವಿಗೆ ಹಿಡಿದ ಫೋನು ಹೆಚ್ಚು ಶಕ್ತಿಯಲ್ಲಿ ಕೂಗಬೇಕಾಗುತ್ತದೆ. ಆದ್ದರಿಂದ ಹತ್ತಿರ ಟವರ್ ಬಂದರೆ ತಲೆಯ ಪಕ್ಕದ ಅಲೆ ಕಡಿಮೆಯೇ ಆಗುತ್ತದೆ. ಅನುಮಾನ ಇದ್ದರೆ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಅಳೆಸಬಹುದು.

ಕೊನೆಯದಾಗಿ ಅರ್ಜಿ. 2024ರ ಅಕ್ಟೋಬರ್‌ನಿಂದ ಜಾರಿಯಾದ ಟ್ರಾಯ್ ನಿಯಮದ ಪ್ರಕಾರ ಪ್ರತಿ ಕಂಪನಿಯೂ ಎಲ್ಲೆಲ್ಲಿ ನೆಟ್‌ವರ್ಕ್ ಇದೆ ಅನ್ನುವ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ನಿಮ್ಮ ಊರನ್ನು ಅದರಲ್ಲಿ ಹುಡುಕಿ. ನಕ್ಷೆಯಲ್ಲಿ ಬಣ್ಣ ಇದ್ದು ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಆ ಪುಟದ ಚಿತ್ರ ತೆಗೆದುಕೊಳ್ಳಿ. ಜೊತೆಗೆ ಊರಿನ ಐದಾರು ಕಡೆ, ಶಾಲೆ, ಹಾಲಿನ ಡೇರಿ, ಅಂಗನವಾಡಿ, ಬಸ್ ನಿಲ್ಲುವ ಜಾಗ, ನಿಮ್ಮ ಅಂಗಳ, ಇಲ್ಲಿ ಬರುವ ಮೈನಸ್ ಸಂಖ್ಯೆಗಳನ್ನು ಕಂಪನಿವಾರು ಬರೆದಿಡಿ. ಇದನ್ನು ಕಂಪನಿಗೆ ದೂರಾಗಿ ಕೊಟ್ಟು ದೂರಿನ ನಂಬರ್ ಪಡೆಯಿರಿ. ಗ್ರಾಮಸಭೆಯಲ್ಲಿ ಇಟ್ಟು ನಡಾವಳಿಯಲ್ಲಿ ಬರೆಸಿ. ಟವರಿಗೆ ಪಂಚಾಯ್ತಿ ಜಾಗ ಕೊಡುತ್ತದೆ ಅನ್ನುವ ನಿರ್ಣಯವೂ ಅದೇ ಸಭೆಯಲ್ಲಿ ಆದರೆ ಕೆಲಸ ಬೇಗ ಸಾಗುತ್ತದೆ, ಎಷ್ಟೋ ಟವರಿನ ಕೆಲಸ ತಡೆದು ನಿಲ್ಲುವುದೇ ಜಾಗದ ತಕರಾರಿನಲ್ಲಿ. ಒಂದು ಪ್ರತಿ ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೆ, ಒಂದು ಸಂಸದರಿಗೆ ಕಳಿಸಿ, ಡಿಜಿಟಲ್ ಭಾರತ್ ನಿಧಿಯ ಹೆಸರನ್ನು ಅದರಲ್ಲಿ ಬರೆಯಿರಿ. ಸಂಖ್ಯೆಗಳ ಪಟ್ಟಿ ಮತ್ತು ಫೋನಿನ ಮಾಡೆಲ್ ನನಗೂ ಕಳಿಸಿದರೆ ನಿಮ್ಮ ಗುಡ್ಡದ ನಕ್ಷೆ ಇಟ್ಟುಕೊಂಡು ಯಾವ ಕಡೆಯಿಂದ ಸಿಗ್ನಲ್ ಬರುವ ಸಾಧ್ಯತೆ ಇದೆ ಅಂತ ನೋಡಿ ಹೇಳುತ್ತೇನೆ.